ಸುಜಾತ ಮಿಸ್ಸಿನ ಹೆಜ್ಜೆಸಾಲು

ಸುಜಾತ ಮಿಸ್ಸು ವೆಬ್‌ಸೈಟುಗಳನ್ನು ಬಯ್ಯುತ್ತಿದ್ದರು. ಮಾಡಿದವರನ್ನಲ್ಲ, ಸೈಟುಗಳನ್ನೇ. ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, ಮೊಬೈಲನ್ನು ಮೂಗಿನ ತುದಿಗೆ ಹಿಡಿದುಕೊಂಡು, ಯಾರೋ ಎದುರಿಗೆ ಕೈಕಟ್ಟಿ ನಿಂತಿದ್ದಾರೆ ಅನ್ನುವ ಹಾಗೆ ಶುರು ಮಾಡುತ್ತಿದ್ದರು. "ಏಯ್, ಎಲ್ಲಿಗ್ಲಾ ಕರ್ಕೊಂಡೋಯ್ತಿದ್ದೀಯ ನನ್ನ? ಸೀರೆ ನೋಡಕ್ ಬಂದ್ರೆ ಕುಕ್ಕರ್ ತೋರುಸ್ತೀಯಲ್ಲ, ತಲೆ ನೆಟ್ಟಗದಾ ನಿಂಗೆ? ವಾಪಸ್ ಬುಡು. ಬುಡು ಅಂದ್ರೆ! ಅಯ್ಯಯ್ಯೋ, ತಂದು ಮೊದುಲ್ನೇ ಪುಟದಲ್ಲೇ ಎತ್ತಾಕ್ತು ಕಣ್ಲಾ ಸಂಕ್ರ!" ಈ ಕೊನೆಯ ಮಾತು ನನಗೆ. ನಾನು ಮದ್ದೂರಿನಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ವೆಬ್‌ಸೈಟು ಮಾಡಿಕೊಡುವವನು. ಹಾಗಾಗಿ ಮಳವಳ್ಳಿಯ ಅವರ ಮನೆಯಲ್ಲಿ ಕೂತಾಗ ಭೂಮಿಯ ಮೇಲಿರುವ ಸಮಸ್ತ ಸೈಟುಗಳ ಪರವಾಗಿ ನಾನೇ ತಲೆ ತಗ್ಗಿಸಬೇಕಾಗುತ್ತಿತ್ತು.

ಅವರು ಹೈಸ್ಕೂಲಿನಲ್ಲಿ ನಮಗೆ ಲೆಕ್ಕ ಹೇಳಿಕೊಟ್ಟವರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಲಗೈ ತುಂಬ ಸೀಮೆಸುಣ್ಣ. ಪಾಠ ಮಾಡುವಾಗ ಪುಸ್ತಕದ ಕನ್ನಡ, ಸಿಟ್ಟು ಬಂದರೆ ಮಳವಳ್ಳಿ ಕನ್ನಡ. ಸಿಟ್ಟು ಸಾಮಾನ್ಯವಾಗಿ ಹಾಜರಿ ಕೂಗಿದ ಎರಡನೇ ನಿಮಿಷಕ್ಕೇ ಬಂದುಬಿಡುತ್ತಿತ್ತು. ಅವರ ಬೈಗುಳಕ್ಕೆ ನಾವು ಯಾರೂ ಹೆದರುತ್ತಿರಲಿಲ್ಲ, ಅದು ಬೇರೆ ಮಾತು. ನಾವು ಹೆದರುತ್ತಿದ್ದದ್ದು ಮರ್ಯಾದೆಗೆ. "ಲೇ" ಅಂದರೆ ಬದುಕಿದೆವು ಅಂತ ಅರ್ಥ. ಯಾರನ್ನಾದರೂ "ಏನಪ್ಪ, ಕೂತ್ಕೊಳ್ಳಿ" ಅಂದರೋ, ಅವನ ಮೇಲೆ ಅವರು ಆಸೆ ಬಿಟ್ಟುಬಿಟ್ಟಿದ್ದಾರೆ ಅಂತಲೇ ಲೆಕ್ಕ.

ನನಗೆ ಆ ಮರ್ಯಾದೆ ಒಂದು ಸಲ ಸಿಗುವುದರಲ್ಲಿತ್ತು. ಬೀಜಗಣಿತದ ಲೆಕ್ಕಗಳನ್ನು ನಾನು ಹೇಗೋ ತಲೆಯಲ್ಲೇ ಬಿಡಿಸುತ್ತಿದ್ದೆ. ಪರೀಕ್ಷೆಯಲ್ಲಿ ಬರೀ ಉತ್ತರ ಬರೆದು ಕೊಟ್ಟು, ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಹೋಗಿ ಮೆರೆದೆ. ಮಿಸ್ಸು ಸೊನ್ನೆ ಕೊಟ್ಟರು. ಉರಿದುಹೋಯಿತು ನನಗೆ. "ಉತ್ತರ ಸರಿಯಾಗದಲ್ಲ ಮಿಸ್" ಅಂತ ತರಗತಿಯಲ್ಲೇ ಜಗಳಕ್ಕೆ ನಿಂತೆ. "ನಿನ್ನುತ್ರ ಯಾರಿಗ್ ಬೇಕ್ಲಾ? ಉತ್ರ ಪುಸ್ತಕದ ಹಿಂದ್ಗಡೆ ಅಚ್ಚಾಗದೆ. ಅಲ್ಲಿಗೆ ಎಂಗ್ ಬಂದೆ ಅದೇಳು. ಬಂದ ದಾರೀಲೇ ವಾಪಸ್ ಓಗಕಾಯ್ತದಾ ನಿಂಗೆ? ಆಗ್ದಿದ್ರೆ ನೀನ್ ಬಂದೇ ಇಲ್ಲ ಅಂತ" ಅಂದರು. ಅವತ್ತು ಮನೆಗೆ ಹೋಗಿ ಸಿಟ್ಟಿನಲ್ಲಿ ಅದೇ ಲೆಕ್ಕವನ್ನು ನಾಲ್ಕು ಹಾಳೆ ಬರೆದೆ. ಎರಡಕ್ಕೆ ಎರಡು ಕೂಡಿದರೆ ನಾಲ್ಕು ಅನ್ನುವುದನ್ನೂ ಬಿಡದೆ ಬರೆದೆ, ಬೇಕಂತಲೇ. ಮಾರನೇ ದಿನ ಪೂರ್ತಿ ಅಂಕ ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಕೋಪದಲ್ಲೂ ಮೆಟ್ಟಿಲು ತಪ್ಪಿಲ್ಲ" ಅಂತ ಬರೆದಿದ್ದರು. ಆ ಹಾಳೆಗಳನ್ನು ನಾನು ಬಹಳ ವರ್ಷ ಇಟ್ಟುಕೊಂಡಿದ್ದೆ.

ಆಮೇಲೆ ಎಷ್ಟೋ ವರ್ಷ ಅವರನ್ನು ನೋಡಲಿಲ್ಲ. ನಾನು ಡಿಪ್ಲೊಮಾ ಮುಗಿಸಿ, ಅಲ್ಲಿ ಇಲ್ಲಿ ಕಲಿತು, ಮದ್ದೂರಿನಲ್ಲಿ ಅಂಗಡಿ ಹಾಕಿದೆ. ಕಲ್ಯಾಣ ಮಂಟಪಗಳಿಗೆ, ನರ್ಸರಿ ಸ್ಕೂಲುಗಳಿಗೆ, ಬೆಲ್ಲದ ವ್ಯಾಪಾರಿಗಳಿಗೆ ಸೈಟು ಮಾಡಿಕೊಡುತ್ತಿದ್ದೆ. ದಿನಾ ಹತ್ತಿರದ ನಮ್ಮೂರು ಕೊಪ್ಪದಿಂದ ಬೈಕಿನಲ್ಲಿ ಬರುವುದು, ಸಂಜೆ ವಾಪಸು ಹೋಗುವುದು. ಒಂದು ದಿನ ಬೆಳಿಗ್ಗೆ ಶಟರ್ ಎತ್ತಿ ಪೊರಕೆ ಹಿಡಿದಿದ್ದೇನೆ, ಬಾಗಿಲಲ್ಲಿ ಕೊಡೆ, ಚೀಲ, ಅದೇ ಸೊಂಟಕ್ಕೆ ಸಿಕ್ಕಿಸಿದ ಸೆರಗು. "ನೀನೇನೇನ್ಲಾ ಸಂಕ್ರ? ಗುಡ್ಸೋದ್ನಾರ ಮೂಲೆಯಿಂದ ಗುಡ್ಸು" ಅಂದರು. ಕೂದಲು ಬೆಳ್ಳಗಾಗಿತ್ತು, ಬಾಯಿ ಹಾಗೇ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಪೊರಕೆ ಹಿಡಿದುಕೊಂಡೇ ಕಾಲಿಗೆ ಬಿದ್ದೆ.

ಚೀಲದಿಂದ ಅವರು ತೆಗೆದದ್ದು ಒಂದು ಉದ್ದನೆಯ ನೋಟುಪುಸ್ತಕ. ಅದರಲ್ಲಿ ಸ್ಕೇಲು ಹಿಡಿದು ಬರೆದ ನಕ್ಷೆ: ಸಾಲು ಸಾಲು ಮನೆ, ಮನೆಗೊಂದು ನಂಬರು, ನಂಬರಿಗೊಂದು ಕುಟುಂಬ. ಮಳವಳ್ಳಿಯ ಆಚೆ ಬ್ಲಫ್ ಅನ್ನುವ ಊರಿನ ಕ್ವಾರ್ಟರ್ಸು ಅದು. ಮಿಸ್ಸಿನ ಅಪ್ಪ ಅಲ್ಲಿ ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದರು. ಕೆಳಗೆ ಕಣಿವೆಯಲ್ಲಿ ಕರೆಂಟು ತಯಾರಾಗುವುದು, ಮೇಲೆ ಕಾಲೋನಿಯಲ್ಲಿ ಕೆಲಸದವರ ಸಂಸಾರ. ಮಿಸ್ಸು ಹುಟ್ಟಿದ್ದು, ಅಂಬೆಗಾಲಿಟ್ಟಿದ್ದು, ಮಗ್ಗಿ ಕಲಿತದ್ದು ಎಲ್ಲ ಮೂರನೇ ಸಾಲಿನ ಏಳನೇ ಮನೆಯಲ್ಲಿ.

"ನಮ್ಮಪ್ಪ ರಿಟೈರಾದ ದಿನ ಮನೆ ಗುಡ್ಸಿ, ಒರೆಸಿ, ಬೀಗ ಆಕಿ, ಬೀಗದ ಕೈನ ಆಫೀಸಲ್ಲಿ ಕೊಟ್ಟು ಸೈನ್ ಆಕ್ಬುಟ್ಟು ಬಂದ್ರು. ನಾವು ಈಚೆ ಟ್ರಂಕಿನ ಮೇಲೆ ಕೂತಿದ್ದೊ. ಒರೆಸಿದ ನೆಲ ಇನ್ನೂ ಒಣಗಿರ್ನಿಲ್ಲ ಕಣ್ಲಾ, ಅಷ್ಟರಲ್ಲಿ ಅದು ನಮ್ಮನೆ ಅಲ್ಲ. ಯಾರ ಮೇಲೂ ತಪ್ಪಿಲ್ಲ, ರೂಲ್ಸು ಅದು, ಎಲ್ರೂ ಅಂಗೇ ಬುಟ್ಟೋದೋರು. ಆದ್ರೆ ನಿಮ್ಮೂರು ಯಾವ್ದಮ್ಮ ಅಂತ ಬಸ್ಸಲ್ಲಿ ಯಾರಾರ ಕೇಳುದ್ರೆ ನಾನ್ ಏನಂತ ಏಳ್ಲಿ? ಬೀಗದ ಕೈ ವಾಪಸ್ ಕೊಟ್ಟ ಊರು ಅನ್ಲಾ?"

ನಮ್ಮ ಕಡೆ ಆ ಪ್ರಶ್ನೆ ಕೇಳದೆ ಯಾರೂ ಮಾತು ಶುರು ಮಾಡುವುದಿಲ್ಲ. ನಿಮ್ಮೂರು ಯಾವುದು, ಯಾರ ಮಗ, ಯಾವ ಬೀದಿ. ಮಿಸ್ಸು ಅದಕ್ಕೆ ಉತ್ತರ ಕಟ್ಟಲು ಹೊರಟಿದ್ದರು. ರಿಟೈರಾದ ಮೇಲೆ ವರ್ಷಗಟ್ಟಲೆ ಓಡಾಡಿ, ಕ್ವಾರ್ಟರ್ಸು ಬಿಟ್ಟು ಎಲ್ಲೆಲ್ಲೋ ಚದುರಿಹೋದವರನ್ನು ಹುಡುಕಿ, ಯಾವ ಮನೆಯಲ್ಲಿ ಯಾರಿದ್ದರು, ಯಾರ ಹಿತ್ತಲಲ್ಲಿ ಸೀಬೆಮರ ಇತ್ತು, ಯಾರ ಮನೆ ಉಪ್ಸಾರು ಬೀದಿಗೆಲ್ಲ ಘಮ್ಮೆನ್ನುತ್ತಿತ್ತು ಅಂತ ಬರೆದುಕೊಂಡಿದ್ದರು. ಅದೆಲ್ಲ ಒಂದು ಸೈಟಾಗಬೇಕು. ಆದರೆ ಒಂದೇ ಒಂದು ಷರತ್ತು. "ನಂಗೆ ಇನ್ನೊಬ್ರು ಕೈ ಇಡ್ಕೊಂಡು ತೋರ್ಸೋದು ಬ್ಯಾಡ. ನಾನೇ ಒಳೀಕ್ ಓಗ್ಬೇಕು, ನಾನೇ ಈಚೆಗ್ ಬರ್ಬೇಕು. ಅಷ್ಟ್ ಮಾಡ್ಕೊಡು" ಅಂದರು. ಕಣ್ಣಿನ ನರ ಒಣಗುತ್ತಾ ಬರುವ ಕಾಯಿಲೆ ಅವರಿಗೆ ಆಗಲೇ ಶುರುವಾಗಿತ್ತು. ಅದನ್ನು ಅವರು ನನಗೆ ಹೇಳಲಿಲ್ಲ. ಮೊಬೈಲನ್ನು ಮೂಗಿಗೆ ಹಿಡಿಯುವುದು ನೋಡಿ ನಗುತ್ತಿದ್ದೆನೇ ಹೊರತು ನನ್ನ ತಲೆಗೂ ಹೊಳೆಯಲಿಲ್ಲ.

ಅಲ್ಲಿಂದ ನನ್ನ ಭಾನುವಾರಗಳೆಲ್ಲ ಮಳವಳ್ಳಿಗೆ ಮೀಸಲಾದವು. ಕೆ.ಎಂ.ದೊಡ್ಡಿ ದಾಟುವಾಗ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಂಡು, ಧೂಳು ಕುಡಿದು ಅವರ ಮನೆ ಸೇರುವಷ್ಟರಲ್ಲಿ ಹತ್ತು ಗಂಟೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಟೇಬಲ್ಲು, ಟೇಬಲ್ಲಿನ ಮೇಲೆ ನನ್ನ ಲ್ಯಾಪ್‌ಟಾಪು. ಅವರು ಮದುವೆಯಾಗಿರಲಿಲ್ಲ. ಅಣ್ಣನ ಮಗಳು ಪ್ರಭಾ ಜೊತೆಗಿದ್ದಳು, ಅಲ್ಲೇ ಒಂದು ಶಾಲೆಯಲ್ಲಿ ಟೀಚರು. ಮಧ್ಯಾಹ್ನಕ್ಕೆ ಮುದ್ದೆ ಅವಳದು. ಮಿಸ್ಸು ಹಳೆಯ ವಿದ್ಯಾರ್ಥಿಗೆ ಎರಡನೇ ಮುದ್ದೆ ಹಾಕಿಸದೆ ಬಿಡುತ್ತಿರಲಿಲ್ಲ. ಮೂರು ಗಂಟೆಯ ಮೇಲೆ ನಾನು ಬರೆದ ಕೋಡೆಲ್ಲ ನಿದ್ದೆಗಣ್ಣಿನದೇ.

ಸೈಟು ಬಲು ಆಳದ್ದಾಗಿತ್ತು. ಮೊದಲು ಬ್ಲಫ್, ಅದರೊಳಗೆ ಮೇಲಿನ ಕಾಲೋನಿ, ಅದರೊಳಗೆ ಮೂರನೇ ಸಾಲು, ಅದರೊಳಗೆ ಏಳನೇ ಮನೆ, ಮನೆಯೊಳಗೆ ಅಡುಗೆಮನೆ. ಇಷ್ಟು ಒಳಗೆ ಹೋದವನಿಗೆ ತಾನೆಲ್ಲಿದ್ದೇನೆ ಅಂತ ತಿಳಿಯಬೇಕಲ್ಲ. ಅದಕ್ಕೆ ಪುಟದ ನೆತ್ತಿಯ ಮೇಲೆ ಬಂದ ದಾರಿಯನ್ನೆಲ್ಲ ಒಂದು ಸಾಲಿನಲ್ಲಿ ತೋರಿಸುತ್ತೇವೆ. ಯಾವುದನ್ನು ಮುಟ್ಟಿದರೂ ಅಲ್ಲಿಗೆ ವಾಪಸು ಹೋಗಬಹುದು. ನಮ್ಮ ಕಸುಬಿನಲ್ಲಿ ಅದಕ್ಕೆ ಬ್ರೆಡ್‌ಕ್ರಂಬ್ ಅನ್ನುತ್ತಾರೆ, ದಾರಿ ಗುರುತಿಗೆ ಬ್ರೆಡ್ಡಿನ ಚೂರು ಚೆಲ್ಲಿಕೊಂಡು ಹೋದ ಹಾಗೆ ಅಂತ ವಿವರಿಸಿದೆ. ಮಿಸ್ಸು ನನ್ನನ್ನೇ ನೋಡಿದರು. "ಬ್ರೆಡ್ಡು ಚೆಲ್ಲುದ್ರೆ ನಮ್ಮೂರ ಕಾಗೆ ಬುಟ್ಟಾವೇನ್ಲಾ? ಯಾವನವನು ಎಸರಿಟ್ಟೋನು? ಎಜ್ಜೆಸಾಲು ಅನ್ನು." ಅಂದಿನಿಂದ ಅದು ಹೆಜ್ಜೆಸಾಲಾಯಿತು. ಕೋಡಿನೊಳಗೂ ಅದೇ ಹೆಸರು ಇಟ್ಟೆ.

ಹೆಸರುಗಳ ನಡುವೆ ನಾನು ಹಾಕಿದ್ದ ಬಾಣದ ಗುರುತು ಅವರಿಗೆ ಬಲು ಹಿಡಿಸಿತು. ಲೆಕ್ಕದಲ್ಲಿ ಒಂದಕ್ಕಿಂತ ಒಂದು ದೊಡ್ಡದು ಅನ್ನಲು ಹಾಕುತ್ತೇವಲ್ಲ, ಅದೇ ಗುರುತು. "ಬ್ಲಫ್‌ಗಿಂತ ಕಾಲೋನಿ ಚಿಕ್ದು, ಕಾಲೋನಿಗಿಂತ ಸಾಲು ಚಿಕ್ದು, ಸರಿಯಾಗದೆ. ಆದ್ರೆ ಮನೆಗಿಂತ ಅಡುಗೆಮನೆ ಚಿಕ್ದು ಅಂತ ಆಕಿದ್ದೀಯಲ್ಲ, ನಮ್ಮವ್ವ ಇದ್ದಿದ್ರೆ ಒಪ್ತಿರ್ನಿಲ್ಲ" ಅಂದು ನಕ್ಕರು.

ತೊಂದರೆ ಬಂದದ್ದು ಮೊಬೈಲಿನಲ್ಲಿ. ಐದು ಹೆಸರು ಒಂದು ಸಾಲಿನಲ್ಲಿ ಹಿಡಿಯಲಿಲ್ಲ. ಮೂರು ಸಾಲಾಗಿ ಕೆಳಕ್ಕೆ ಇಳಿದು ಅರ್ಧ ಪರದೆ ತಿಂದುಬಿಟ್ಟಿತು. ಮೊದಲನೆಯದು, ಕೊನೆಯದು ಬಿಟ್ಟು ನಡುವಿನ ಮೂರನ್ನು ಮಡಚಿಡೋಣ, ಆ ಜಾಗದಲ್ಲಿ ಮೂರು ಚುಕ್ಕೆಯ ಒಂದು ಬಟನ್ ಇಡೋಣ ಅಂದೆ. ಮಿಸ್ಸಿಗೆ ಕೆಂಡಾಮಂಡಲ ಸಿಟ್ಟು. "ಮೂರನೇ ಸಾಲ್ನ ಯಾಕ್ಲಾ ಮುಚ್ಚಾಕ್ತೀಯ? ಅಲ್ಲಿದ್ದೋರು ಮನುಷ್ಯರಲ್ವಾ?" ಮುಚ್ಚುವುದಲ್ಲ ಮಿಸ್, ಮಡಚುವುದು, ಮುಟ್ಟಿದರೆ ಬಿಚ್ಚಿಕೊಳ್ಳುತ್ತದೆ ಅಂತ ಒಂದು ಕಾಗದವನ್ನು ಮಡಚಿ ಬಿಚ್ಚಿ ತೋರಿಸಿದೆ. ಕಾಗದವನ್ನು ಕೈಗೆ ತೆಗೆದುಕೊಂಡು ತಾವೂ ಮಡಚಿದರು, ಬಿಚ್ಚಿದರು. "ಇಂಗಾದ್ರೆ ಸರಿ. ಆದ್ರೆ ಪಟ್ ಅಂತ ಎದುರ್ಗ್ ಬಂದ್ ನಿಂತ್ರೆ ಎದೆ ಜಲ್ ಅಂತದೆ. ಚಾಪೆ ಬಿಚ್ಚಿದಂಗೆ ಬರ್ಲಿ, ಮೆತ್ತಗೆ."

ಆ ಚಾಪೆ ಬಿಚ್ಚಲು ನನಗೆ ಮೂರು ಭಾನುವಾರ ಹಿಡಿಯಿತು. ಮೊದಲ ಸಲ ಹೆಸರುಗಳು ಒಂದರ ಮೇಲೊಂದು ಬಿದ್ದು ಗುಡ್ಡೆಯಾದವು. ಎರಡನೇ ಸಲ ಅಡುಗೆಮನೆ ಪರದೆಯಿಂದಲೇ ಆಚೆಗೆ ಓಡಿಹೋಯಿತು. ಪ್ರತಿಯೊಂದಕ್ಕೂ ಬೈಗುಳ ಬಿತ್ತು. ಕೊನೆಗೊಂದು ದಿನ ಮೂರು ಚುಕ್ಕೆ ಮುಟ್ಟಿದಾಗ ಎಡದಿಂದ ಬಲಕ್ಕೆ ಕಾಲೋನಿ, ಸಾಲು, ಮನೆ ನಿಧಾನಕ್ಕೆ ಸರಿಯುತ್ತಾ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಮಿಸ್ಸು ಮೂಗನ್ನು ಪರದೆಗೆ ತಾಗಿಸಿಕೊಂಡು ಹತ್ತು ಸಲ ಬಿಚ್ಚಿಸಿದರು. ನಾನು ಇನ್ನೂ ಜಾಣನಾಗಲು ಹೋದೆ. ಬಿಚ್ಚಿಕೊಂಡ ಸಾಲು ನಾಲ್ಕು ಸೆಕೆಂಡು ಯಾರೂ ಮುಟ್ಟದಿದ್ದರೆ ತಾನಾಗಿಯೇ ಮಡಚಿಕೊಳ್ಳಲಿ ಅಂತ ಸೇರಿಸಿದೆ. ಪರದೆ ಚೊಕ್ಕಟವಾಗಿರುತ್ತದೆ ನೋಡಿ! ಅದನ್ನು ಯಾರೂ ಕೇಳಿರಲಿಲ್ಲ. ಪೂರ್ತಿ ನನ್ನ ಸ್ವಂತ ಬುದ್ಧಿ.

ಈ ನಡುವೆ ಒಂದು ದಿನ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬ್ಲಫ್‌ಗೆ ಹೋಗಿದ್ದೆ, ಸಾಲುಗಳ ಫೋಟೋ ತೆಗೆಯಲು. ಏಳನೇ ಮನೆಯ ಮುಂದೆ ಒಬ್ಬಾಕೆ ಬಟ್ಟೆ ಒಣಹಾಕುತ್ತಿದ್ದರು. ವಿಷಯ ತಿಳಿದು "ಬನ್ನಿ ಒಳಕ್ಕೆ, ಕಾಫಿ ಕುಡ್ಕೊಂಡು ನಿಮ್ಮನೇನ ನೋಡ್ಕೊಂಡು ಹೋಗಿ" ಅಂತ ತುಂಬ ಪ್ರೀತಿಯಿಂದ ಕರೆದರು. ಮಿಸ್ಸು ಗೇಟಿನ ಈಚೆಯೇ ನಿಂತರು. "ಇಲ್ಲ ಕಣಮ್ಮ, ಈಗದು ನಿಮ್ಮನೆ. ಇನ್ನೊಬ್ರ ಅಡುಗೆಮನೇಲಿ ನಮ್ಮವ್ವನ ಉಡುಕ್ತಾ ನಿಂತ್ರೆ ಚೆನ್ನಾಗಿರಲ್ಲ." ವಾಪಸು ಬರುವಾಗ ಕಾಲೋನಿಯ ಕಲ್ಲುಮೆಟ್ಟಿಲಲ್ಲಿ ನನ್ನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ಪ್ರತಿ ಮೆಟ್ಟಿಲಿಗೂ ಕಾಲು ಚಾಚಿ, ತಡಕಿ, ಆಮೇಲೆ ಇಳಿಯುತ್ತಿದ್ದರು. ಮೊಣಕಾಲು ನೋವಿರಬೇಕು ಅಂದುಕೊಂಡೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಸೈಟು ಮುಗಿಯಿತು. ಕ್ವಾರ್ಟರ್ಸಿನ ಹಳಬರನ್ನೆಲ್ಲ ಮಳವಳ್ಳಿಯ ಒಂದು ಛತ್ರಕ್ಕೆ ಕರೆಸಿದೆವು. ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದೆ. ಹೆಜ್ಜೆಸಾಲು ಚಾಪೆಯ ಹಾಗೆ ಬಿಚ್ಚಿಕೊಂಡಾಗ ಜನ ಹೋ ಅಂದರು. ತಮ್ಮ ಮನೆ ಬಂದಾಗ ಮುದುಕರು ಎದ್ದು ನಿಂತು ಕೂಗಿದರು. ಒಬ್ಬರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಸುಳ್ಳು ಯಾಕೆ ಹೇಳಲಿ, ತಲೆ ತಿರುಗುವಷ್ಟು ಜಂಬ ಬಂತು ನನಗೆ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ ಮಿಸ್ಸಿನ ಹತ್ತಿರ ಹೋಗಿ, ಹೇಗಿದೆ ಮಿಸ್, ಏನಾದ್ರೂ ತಪ್ಪಿದ್ದರೆ ಬಯ್ರಿ ಅಂದೆ.

"ಚೆನ್ನಾಗಿ ಮಾಡಿದ್ದೀರಪ್ಪ" ಅಂದರು. "ಎಲ್ಲಾರ್ಗೂ ಸಂತೋಸ ಆಗದೆ. ನಿಮ್ಗೆ ಒಳ್ಳೇದಾಗ್ಲಿ."

ಮಾಡಿದ್ದೀರಪ್ಪ! ಮೂವತ್ತೈದು ದಾಟಿದ ಗಂಡಸು ನಾನು, ಎಂಟನೇ ಕ್ಲಾಸಿನವನ ಹಾಗೆ ಕೈಕಟ್ಟಿ ನಿಂತುಬಿಟ್ಟೆ. ಭೂಮಿಯ ಮೇಲಿನ ಎಲ್ಲ ಸೈಟನ್ನೂ ಬಯ್ದವರು ನನ್ನದೊಂದನ್ನು ಬಯ್ಯಲಿಲ್ಲ. ಕೊಪ್ಪಕ್ಕೆ ಬರುವವರೆಗೂ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಇಷ್ಟು ಭಾನುವಾರ ಗೇಯ್ದಿದ್ದಕ್ಕೆ ಇದೇನಾ ಕೊಡೋದು ಅಂತ ಹೆಂಡತಿಯ ಮುಂದೆ ಕೂಗಾಡಿದೆ. "ಹೊಗಳಿದ್ರೆ ಯಾರಾದ್ರೂ ಹಿಂಗಾಡ್ತಾರಾ?" ಅಂತ ಅವಳು ಬಿದ್ದು ಬಿದ್ದು ನಕ್ಕಳು.

ಮೂರನೇ ದಿನ ಅಂಗಡಿಗೆ ಪ್ರಭಾಳ ಫೋನು ಬಂತು. ಮೆಲ್ಲಗೆ ಮಾತಾಡುತ್ತಿದ್ದಳು, ಮಿಸ್ಸಿಗೆ ಕೇಳಿಸದ ಹಾಗೆ.

"ಅಣ್ಣ, ಅತ್ತೆಗೆ ಕಣ್ ಕಾಣ್ಸಲ್ಲ. ಎಡಗಣ್ಣು ಪೂರ್ತಿ ಓಗದೆ, ಬಲಗಣ್ಣಲ್ಲಿ ಬೆಳಕೊಂದು ಗೊತ್ತಾಯ್ತದೆ ಅಷ್ಟೆ. ಈಗೀಗ ಫೋನು ಓದಿ ಏಳೋದನ್ನ ಕೇಳ್ಕೊಂಡೇ ಎಲ್ಲಾ ಮಾಡ್ತಾರೆ. ನಿಮ್ಮ ಸೈಟಲ್ಲಿ ಅಡುಗೆಮನೆ ತಂಕ ಓದ್ರು. ಈಚೆಗೆ ಬರಕ್ಕಾಯ್ತಾ ಇಲ್ಲ, ಛತ್ರದ ದಿನಕ್ಕೆ ಮುಂಚಿಂದ್ಲೂ ಇಂಗೇ. ಇವತ್ತು ಮಧ್ಯಾಹ್ನೆಲ್ಲ ಅದೇ ಪುಟದಲ್ಲಿ ಕೂತವ್ರೆ. ನಾನು ಮುಟ್ಟಿ ಕೊಡ್ತೀನಿ ಅಂದ್ರೆ ಕೈ ತಳ್ಬುಟ್ರು."

ನನಗೆ ಯಾಕೆ ಹೇಳಲಿಲ್ಲ ಅಂದೆ.

"ಸೈಟ್ ಮಾಡ್ಸಿದ್ದೇ ಕಣ್ಣು ಓದ್ಮೇಲೂ ಓಡಾಡ್ಬೇಕು ಅಂತ ಅಣ್ಣ. ಅಷ್ಟರಲ್ಲಿ ನೀವು ಮುಗ್ಸಿ, ಎಲ್ರೂ ಚಪ್ಪಾಳೆ ಒಡುದ್ರಲ್ಲ. ಅವ್ನು ಅಷ್ಟೊಂದು ಕುಸಿಯಾಗವ್ನೆ, ಅವನ ಮುಖ ಯಾಕ್ ಬಾಡಿಸ್ಲಿ, ಬುಡು ಅಂದ್ರು."

ಫೋನಿಟ್ಟು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡೆ. ಮೊಬೈಲಿನಲ್ಲಿ ಓದಿ ಹೇಳುವ ಸವಲತ್ತನ್ನು ಹಚ್ಚಿ, ಮುಖ ಒರೆಸುವ ಟವೆಲನ್ನು ಕಣ್ಣಿಗೆ ಬಿಗಿದುಕೊಂಡು ನನ್ನದೇ ಸೈಟಿನೊಳಗೆ ಹೋದೆ. ಒಳಕ್ಕೆ ಹೋಗುವುದೇನೋ ಸಲೀಸಾಯಿತು. ಅಡುಗೆಮನೆ ಸೇರಿದ ಮೇಲೆ ಹೊರಗೆ ಬರಲು ಹೆಜ್ಜೆಸಾಲಿನ ಮೇಲೆ ಬೆರಳು ಸರಿಸಿದೆ. "ಬ್ಲಫ್" ಅಂದಿತು ಫೋನಿನ ದನಿ. "ಗಿಂತ ದೊಡ್ಡದು" ಅಂದಿತು. ಆಮೇಲೆ "ಬಟನ್" ಅಂದಿತು. ಏನು ಬಟನ್ನು, ಯಾಕೆ ಬಟನ್ನು, ಒಂದೂ ಇಲ್ಲ. ತಟ್ಟಿದೆ. ನಿಶ್ಶಬ್ದ. ಚಾಪೆ ಬಿಚ್ಚಿಕೊಂಡಿರಬೇಕು, ಆದರೆ ಬಿಚ್ಚಿತು ಅಂತ ಹೇಳುವವರು ಯಾರು? ಬೆರಳು ತಡಕುತ್ತಾ "ಮೇಲಿನ ಕಾಲೋನಿ" ಅನ್ನುವುದನ್ನು ಕೇಳಿ, "ಗಿಂತ ದೊಡ್ಡದು" ಅನ್ನುವುದನ್ನೂ ಸಹಿಸಿಕೊಂಡು, ಮುಂದಕ್ಕೆ ಸರಿಯುವಷ್ಟರಲ್ಲಿ ಎಲ್ಲ ಮಾಯ. ನಾಲ್ಕು ಸೆಕೆಂಡು ಆಗಿಹೋಗಿತ್ತು. ಮತ್ತೆ ತಟ್ಟಿದೆ, ಮತ್ತೆ ಮಡಚಿಕೊಂಡಿತು. ಎಷ್ಟು ಸಲ ತಟ್ಟಿದೆನೋ ಗೊತ್ತಿಲ್ಲ. ಬ್ಲಫ್ ತಟ್ಟಿದರೆ ನೇರ ಮೊದಲ ಪುಟಕ್ಕೇ ಎತ್ತಿಹಾಕುತ್ತಿತ್ತು. ನನ್ನ ಕೈಯಾರೆ ಕಟ್ಟಿದ ಅಡುಗೆಮನೆಯಿಂದ ನನಗೇ ಬಂದ ದಾರಿಯಲ್ಲಿ ಹೊರಗೆ ಬರಲಾಗಲಿಲ್ಲ. ಟವೆಲು ಬಿಚ್ಚಿದಾಗ ಒದ್ದೆಯಾಗಿತ್ತು. ನನಗೇನೂ ನಾಚಿಕೆಯಿಲ್ಲ, ಅತ್ತಿದ್ದೆ.

ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಆ ವಾರ ಪೂರ್ತಿ ಅದನ್ನೇ ಹಿಡಿದೆ. ಮೊದಲು ಕಿತ್ತುಹಾಕಿದ್ದು ನನ್ನ ನಾಲ್ಕು ಸೆಕೆಂಡಿನ ಜಾಣತನವನ್ನು. ಬಿಚ್ಚಿದವರೇ ಮಡಚುವವರೆಗೆ ಸಾಲು ಬಿಚ್ಚಿಕೊಂಡೇ ಇರಲಿ. ಬಾಣದ ಗುರುತು ಕಣ್ಣಿಗೆ ಮಾತ್ರ ಕಾಣಲಿ, ಕಿವಿಗೆ ಬೀಳದಿರಲಿ. ಮೂರು ಚುಕ್ಕೆಗೆ ಒಂದು ಹೆಸರು ಕೊಟ್ಟೆ. ಮಡಚಿದೆಯೋ ತೆರೆದಿದೆಯೋ ಅಂತ ಅದೇ ಬಾಯಿಬಿಟ್ಟು ಹೇಳುವಂತೆ ಮಾಡಿದೆ. ಒಂದೊಂದನ್ನು ಸರಿಮಾಡಿದಾಗಲೂ ಟವೆಲು ಕಟ್ಟಿಕೊಂಡು ನೋಡುತ್ತಿದ್ದೆ. ಪಕ್ಕದ ಜೆರಾಕ್ಸ್ ಅಂಗಡಿಯವರು ಬಂದು "ಏನ್ ಸಂಕರಣ್ಣ, ತಲೆನೋವಾ?" ಅಂತ ವಿಚಾರಿಸಿಕೊಂಡು ಹೋದರು.

ಈಗ ಮಿಸ್ಸು ಇಲ್ಲ. ಹೋದ ಚಳಿಗಾಲದಲ್ಲಿ, ನಿದ್ದೆಯಲ್ಲೇ ಹೋದರಂತೆ. ಪ್ರಭಾ ಫೋನು ಮಾಡಿದಾಗ ನಾನು ಯಾರದೋ ಮದುವೆ ಮಂಟಪದ ಸೈಟಿಗೆ ಬಣ್ಣ ಹುಡುಕುತ್ತಾ ಕೂತಿದ್ದೆ. ಮಳವಳ್ಳಿಗೆ ಹ್ಯಾಗೆ ಹೋಗಿ ಮುಟ್ಟಿದೆನೋ ನೆನಪಿಲ್ಲ. ಆದರೆ ಅದಕ್ಕೂ ಮೊದಲು, ಸರಿಮಾಡಿದ ಹೆಜ್ಜೆಸಾಲನ್ನು ತೆಗೆದುಕೊಂಡು ಹೋದ ಆ ಮಧ್ಯಾಹ್ನ ಇದೆಯಲ್ಲ, ಅವರ ಜೊತೆ ನಾನು ಕೂತು ಮಾತಾಡಿದ್ದು ಅದೇ ಕೊನೆ.

ಅವರು ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದರು. ಹೆಜ್ಜೆ ಸಪ್ಪಳಕ್ಕೆ "ಯಾರು?" ಅಂದರು. ನಾನು ಮಿಸ್, ಶಂಕರ ಅಂದೆ. "ಬನ್ನಿಯಪ್ಪ, ಕೂತ್ಕೊಳ್ಳಿ" ಅಂದರು. ತಡೆಯಲಾಗಲಿಲ್ಲ ನನಗೆ. "ಮಿಸ್, ಅಪ್ಪ ಅನ್ಬೇಡಿ. ನಾನು ಅಡುಗೆಮನೇಲಿ ಸಿಕ್ಕಾಕೊಂಡು ಬಂದೆ. ಬಯ್ರಿ ನನ್ನ" ಅಂದೆ. ಅವರು ಬಾಗಿಲ ಕಡೆ ತಿರುಗಿ "ಪ್ರಭಾ, ಏಳ್ಬುಟ್ಯಾ ನೀನು?" ಅಂದರು. ಪ್ರಭಾ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಫೋನನ್ನು ಅವರ ಕೈಗೆ ಕೊಟ್ಟೆ. ಬೆರಳು ಒಂದೊಂದೇ ಹೆಜ್ಜೆ ಒಳಗೆ ಹೋಯಿತು. ಬ್ಲಫ್. ಮೇಲಿನ ಕಾಲೋನಿ. ಮೂರನೇ ಸಾಲು. ಏಳನೇ ಮನೆ. ಅಡುಗೆಮನೆ. ಅವರೇ ನನಗೆ ಹೇಳಿ ಬರೆಸಿದ್ದನ್ನು ಫೋನು ಓದುತ್ತಾ ಹೋಯಿತು: ಎಡಕ್ಕೆ ಒಲೆ, ಬಲಕ್ಕೆ ನೀರಿನ ಕಟ್ಟೆ, ಕಿಟಕಿಯಲ್ಲಿ ಅವ್ವ ಇಟ್ಟ ಉಪ್ಪಿನಕಾಯಿ ಜಾಡಿ. ಪೂರ್ತಿ ಕೇಳಿದರು. ಆಮೇಲೆ ಬೆರಳನ್ನು ಮೇಲಕ್ಕೆ ಸರಿಸಿದರು.

"ನಡುವಿನ ಮೂರು ಹೆಜ್ಜೆ, ಮಡಚಿದೆ" ಅಂದಿತು ಫೋನು.

ಅವರು ತಟ್ಟಿದರು.

"ತೆರೆದಿದೆ."

ಬೆರಳನ್ನು ಎತ್ತಿ ಗಾಳಿಯಲ್ಲೇ ಹಿಡಿದುಕೊಂಡು ಕೂತರು. ಬೇಕಂತಲೇ ಕಾಯುತ್ತಿದ್ದರು. ನಾಲ್ಕು ಸೆಕೆಂಡಲ್ಲ, ಒಂದು ನಿಮಿಷವೇ ಆಗಿರಬೇಕು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಈ ತುದಿಯಿಂದ ಆ ತುದಿಗೆ ಹೋದಳು.

"ಮುಚ್ಕೊಂತಾ?"

"ಇಲ್ಲ ಮಿಸ್. ನೀವು ಮುಚ್ಚೋ ತನಕ ತೆರೆದೇ ಇರುತ್ತೆ."

"ಚಾಪೆ ಬಿಚ್ಚಿದಂಗೆ ಬತ್ತದಾ ಈಗ್ಲೂ?"

"ಬರುತ್ತೆ, ನೋಡೋರಿಗೆ."

"ಇರ್ಲಿ. ಕಣ್ಣಿರೋರು ನೋಡ್ಲಿ" ಅಂದರು. ಬೆರಳು ಕೆಳಗಿಳಿಯಿತು. "ಮೇಲಿನ ಕಾಲೋನಿ" ಅಂದಿತು ಫೋನು, "ಮೂರನೇ ಸಾಲು" ಅಂದಿತು. ಅಲ್ಲಿ ತಟ್ಟಿದರು. ಅಡುಗೆಮನೆಯಿಂದ ಸಲೀಸಾಗಿ ಹೊರಗೆ ಬಂದು ಸಾಲಿಗೆ ಇಳಿದುಬಿಟ್ಟರು. ಮುಖ ನೋಡಿದೆ. ಕಣ್ಣು ಕಿಟಕಿಯ ಕಡೆಗಿತ್ತು, ತುಟಿ ಮನೆ ನಂಬರುಗಳನ್ನು ಮೆಲ್ಲಗೆ ಎಣಿಸುತ್ತಿತ್ತು. ನಾನು ಪಕ್ಕದಲ್ಲಿರುವುದು ಮರೆತೇಹೋಯಿತೇನೋ ಅಂದುಕೊಂಡೆ. ಅಷ್ಟರಲ್ಲಿ ಬೆರಳು ನಿಂತಿತು.

"ಲೇ ಸಂಕ್ರ, ನೀನಿನ್ನೂ ಇಲ್ಲೇ ಕೂತಿದ್ದೀಯೇನ್ಲಾ?"

"ಹೂಂ ಮಿಸ್."

"ಎದ್ದೋಗ್ಲಾ. ನಾನೊಬ್ಳೇ ಓಗ್ಬೇಕು."

ಎದ್ದೆ. ಪ್ರಭಾ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು, ಅವಳಿಗೂ ಕೈಸನ್ನೆ ಮಾಡಿ ತಡೆದೆ. ಹೊರಗೆ ಜಗಲಿಯಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗೆ ಫೋನಿನ ದನಿ "ಎಂಟನೇ ಮನೆ, ತಾಯಮ್ಮ" ಅಂದದ್ದು ಕಿಟಕಿಯಿಂದ ಕೇಳಿಸಿತು. ಅದರ ಹಿಂದೆಯೇ ಮಿಸ್ಸಿನ ದನಿ, ನಾನು ಯಾವತ್ತೂ ಕೇಳಿರದಷ್ಟು ಸಣ್ಣಗೆ:

"ತಾಯಮ್ಮತ್ತೆ, ಬಾಗ್ಲು ತಗೀರಿ. ನಾನು ಕಣತ್ತೆ, ಪಕ್ಕದ ಮನೆ ಸುಜಾತ."